ಕೊನೆ ತೂಬಿನ ಸೊನ್ನೆ

"ನೀರಿಲ್ಲ ಅಂತ ಏಳಕ್ಕೂ ಅದುಕ್ಕೆ ನೀರೇ ಬೇಕಾ?" ಎಂದಳು ಕುಳ್ಳಮ್ಮ. ಎಲೆಅಡಿಕೆ ಅಗಿಯುತ್ತಿದ್ದ ಬಾಯಿ ಅರ್ಧಕ್ಕೇ ನಿಂತಿತ್ತು. "ಇನ್ನೊಂದ್ಸಲ ಏಳು ಮಗ. ನಗಬೇಕೋ ಅಳಬೇಕೋ ಗೊತ್ತಾಯ್ತಾ ಇಲ್ಲ."

ನಾಲೆಯ ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ ಸ್ಪಂದನಾ ತಲೆ ಎತ್ತಲಿಲ್ಲ. ಅವಳ ಮುಂದೆ ಕೊನೆ ತೂಬು ಬಾಯಿ ತೆರೆದುಕೊಂಡಿತ್ತು. ತೂಬಿನ ಸಿಮೆಂಟು ಕೊಳವೆಯೊಳಗೆ, ಕಂಬಿ ಜಾಲರಿಯ ಹಿಂದೆ, ಅಂಗೈಯಗಲದ ಒಂದು ಚಕ್ರ. ತೂಬಿನ ನೆತ್ತಿಯ ಮೇಲೆ ಬೂದು ಬಣ್ಣದ ಪೆಟ್ಟಿಗೆ, ಅದಕ್ಕೊಂದು ನೆಟ್ಟಗೆ ನಿಂತ ಕಡ್ಡಿ. ಚಕ್ರಕ್ಕೆ ಜೇಡ ಬಲೆ ಕಟ್ಟಿತ್ತು.

"ಹೌದು ಅಜ್ಜಿ. ನೀರು ಹರಿದ್ರೆ ಚಕ್ರ ತಿರುಗುತ್ತೆ, ಚಕ್ರ ತಿರುಗಿದ್ರೆ ಕರೆಂಟು, ಕರೆಂಟಿದ್ರೆ ಪೆಟ್ಟಿಗೆ ಮಾತಾಡುತ್ತೆ. ನೀರು ನಿಂತ ಮೇಲೂ ಒಂದೆರಡು ದಿನಕ್ಕಾಗೋಷ್ಟು ಕೂಡಿಟ್ಕೊಂಡಿರುತ್ತೆ. ಆದ್ರೆ ಈ ಸಲ ಇಲ್ಲಿಗೆ ನೀರು ಬಂದೇ ಇಲ್ವಲ್ಲ, ಏನಂತ ಕೂಡಿಡುತ್ತೆ?"

"ಅಂದ್ರೆ ಒಟ್ಟೆ ತುಂಬುದೋರು ಮಾತ್ರ ಅಸಿವು ಅನ್ಬೌದು. ಚೆನ್ನಾಗದೆ ಕಣವ್ವ ನಿನ್ನ ಓದು."

"ಸುಮ್ಕಿರಕ್ಕಯ್ಯ," ಎಂದಳು ಪಕ್ಕದಲ್ಲಿ ಕೂತಿದ್ದ ಯಶೋದಮ್ಮ. "ಆ ಕೂಸುನ್ನ ಯಾಕಂಗೆ ಇಡ್ಕೊಂಡಿದೀಯ?"

ಸ್ಪಂದನಾ ಹುಣಸೂರಿನ ಹುಡುಗಿ. ಮೈಸೂರಿನಲ್ಲಿ ಓದಿ, ಈ ಪೆಟ್ಟಿಗೆಗಳನ್ನು ಮಾಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ನಾಲೆಗೆ ಬಂದ ದಿನಗಳಲ್ಲೆಲ್ಲ ಅವಳ ಊಟ ಯಶೋದಮ್ಮನ ಮನೆಯಲ್ಲಿ. ಹಾಗಾಗಿ ಅವಳನ್ನು ಯಾರಾದರೂ ಅಂದರೆ ಯಶೋದಮ್ಮನಿಗೆ ತನ್ನ ಮನೆಯವರನ್ನು ಅಂದಂತೆ.

ಹೊಂಗೆಕೊಪ್ಪಲಿನ ಗದ್ದೆ ಬಯಲು ನಾಲೆಯ ಕಟ್ಟಕಡೆಯಲ್ಲಿದೆ. ಕೆ.ಆರ್. ನಗರದ ಸೀಮೆ, ನಾಲೆ ಬಯಲು ಎಂದರೆ ಕೇಳಿದವರ ಕಣ್ಣಿಗೆ ಹಸಿರು ಬರುತ್ತದೆ. ಕೊನೆಯಲ್ಲಿ ಗದ್ದೆ ಇಟ್ಟುಕೊಂಡವರಿಗೆ ಮಾತ್ರ ನಾಲೆ ಎಂದರೆ ಮೇಲಿನ ಊರಿನವರ ಬೆನ್ನು. ನೀರು ಸರದಿಯ ಮೇಲೆ ಬರುತ್ತದೆ. ಆ ಸರದಿಗೆ ಕಟ್ಟು ಅನ್ನುತ್ತಾರೆ. ಕಟ್ಟು ನಡೆಯುವಾಗ ಮೇಲಿನವರು ಒಂದು ಹೆಂಟೆ ಮಣ್ಣು ಹೆಚ್ಚಿಗೆ ಕಿತ್ತರೂ ಕೊನೆಯವರಿಗೆ ಉಳಿಯುವುದು ಕೆಸರಿನ ವಾಸನೆ. ಹಿಂದೆ ಇದನ್ನೆಲ್ಲ ನೋಡಿ ಆಫೀಸಿಗೆ ಹೇಳಲು ನೀರುಗಂಟಿ ಮಂಟಯ್ಯ ಇದ್ದ. ಕೆಟ್ಟವನೇನಲ್ಲ. ಆದರೆ ದಾರಿಯ ಊರುಗಳಲ್ಲೆಲ್ಲ ಕೋಳಿ ಸಾರು ಮುಗಿಸಿಕೊಂಡು ಸೈಕಲ್ಲಿನಲ್ಲಿ ಇಲ್ಲಿಗೆ ಬಂದು ಇಳಿಯುವ ಹೊತ್ತಿಗೆ, ಒಣಗಿದ ತೂಬೂ ಅವನ ಕಣ್ಣಿಗೆ ಒದ್ದೆಯಾಗೇ ಕಾಣುತ್ತಿತ್ತು.

ಹೋದ ವರ್ಷ ಪೆಟ್ಟಿಗೆಗಳು ಬಂದವು, ತೂಬಿಗೊಂದರಂತೆ. ಕೊನೆಯ ಪೆಟ್ಟಿಗೆ ತನ್ನ ಮೇಲಿನದಕ್ಕೆ ಹೇಳುತ್ತದೆ, ಅದು ಅದರ ಮೇಲಿನದಕ್ಕೆ. ಹೀಗೆ ಬಾಯಿಂದ ಬಾಯಿಗೆ ಹೋಗಿ ಸುದ್ದಿ ಆಫೀಸಿನ ಪರದೆ ಮುಟ್ಟುತ್ತದೆ. ಮೊದಲು ಸೋಲಾರ್ ಹಲಗೆ ಹಾಕಿದ್ದರು. ವಾರ ಕಳೆಯುವುದರೊಳಗೆ ಆ ಹಲಗೆಗಳು ಯಾರ್ಯಾರದೋ ಕೊಟ್ಟಿಗೆಯಲ್ಲಿ ದೀಪ ಉರಿಸುತ್ತಿದ್ದವು. ಬ್ಯಾಟರಿ ಹಾಕಿದರು, ಅದಕ್ಕೂ ಕಾಲು ಬಂತು. ಆಮೇಲೆ ಬಂದದ್ದು ಈ ಚಕ್ರ. ಹರಿಯುವ ನೀರೇ ಅದರ ಊಟ. ಕದಿಯುವವನಿಗೆ ಏನೂ ಸಿಗದು. ಜಾಲರಿಗೆ ಆಫೀಸಿನ ಸೀಲು ಬೇರೆ.

"ಇವ್ನು ಕೋಳಿ ತಿನ್ನದ ನೀರುಗಂಟಿ ಕಣ್ರವ್ವ," ಎಂದು ಯಶೋದಮ್ಮ ಅವತ್ತೇ ಬೀದಿಗೆಲ್ಲ ಸಾರಿದ್ದಳು.

ಸಾರಿ ಸುಮ್ಮನಾಗಿದ್ದರೆ ಚಿಂತೆಯಿರಲಿಲ್ಲ. ಈ ವರ್ಷ ಕೊನೆ ಬಯಲಿನವರು ಎಂದಿನಂತೆ ರಾಗಿ ಎರಚಿ ಕೈತೊಳೆದುಕೊಳ್ಳುವುದರಲ್ಲಿದ್ದಾಗ ಮನೆ ಮನೆಗೆ ಹೋಗಿ, ಜಗಲಿ ಮೇಲೆ ಕೂತು, ಬೈದು, ಕೈಹಿಡಿದು ಭತ್ತದ ಒಟ್ಟಲು, ಅಂದರೆ ಸಸಿಮಡಿ, ಹಾಕಿಸಿದವಳು ಅವಳು. "ನಮ್ ತೂಬಿಗೆ ಬರನಿಲ್ಲ ಅಂದ್ರೆ ಪೆಟ್ಟಿಗೆ ಏಳ್ತದೆ. ಪೆಟ್ಟಿಗೆ ಏಳುದ್ರೆ ಆಫೀಸ್ನೋರು ಇನ್ನೊಂದ್ ಕಟ್ಟು ಬುಡ್ತಾರೆ. ಆಕ್ರವ್ವ, ನಾನಿವ್ನಿ." ಎಲ್ಲರೂ ಬಿತ್ತನೆ ನೆನೆಹಾಕಿದರು. ರಾಗಿಯೇ ವಾಸಿ ಎಂದು ಕೊನೆಯವರೆಗೂ ವಾದಿಸಿದ ಕುಳ್ಳಮ್ಮ ಕೂಡ.

ಈಗ ಒಟ್ಟಲಲ್ಲಿ ಪೈರು ಬಲಿತಿತ್ತು. ಯಶೋದಮ್ಮನ ಮೈದುನ ಲಿಂಗರಾಜುವಿನ ಬೋರ್‌ವೆಲ್ ನೀರನ್ನು ಪಾತಿ ಪಾತಿಗೆ ಹಂಚಿಕೊಂಡು ಇಲ್ಲಿಯವರೆಗೆ ಉಳಿಸಿದ್ದರು. ಆದರೆ ಗದ್ದೆ ಕೆಸರಾಗಲು ನಾಲೆ ನೀರೇ ಬೇಕು. ಪೈರು ಒಟ್ಟಲಲ್ಲೇ ಗೆಣ್ಣು ಬಿಟ್ಟರೆ ಆಮೇಲೆ ಕಿತ್ತು ನೆಟ್ಟರೂ ತೆಂಡೆ ಒಡೆದು ಕವಲಾಗುವುದಿಲ್ಲ, ಹುಲ್ಲಾಗುತ್ತದೆ. ಈಗಲೇ ಒಂದು ಕಟ್ಟು ಸಿಕ್ಕರೆ ನಾಟಿ. ಸಿಗದಿದ್ದರೆ ಬಯಲಿಗೆ ಬಯಲೇ ಬೀಳು, ಅದೂ ಯಶೋದಮ್ಮನ ಮಾತು ಕೇಳಿ.

ಬೆಳಿಗ್ಗೆ ಅವಳೂ ಸ್ಪಂದನಾಳೂ ನಾಲೆ ಆಫೀಸಿಗೆ ಹೋಗಿಬಂದಿದ್ದರು. ಇಂಜಿನಿಯರ್ ಗಂಗಾಧರಪ್ಪ ಪರದೆಯನ್ನೇ ಇವರ ಕಡೆ ತಿರುಗಿಸಿದ್ದ. ನಾಲೆಯುದ್ದಕ್ಕೂ ಹಸಿರು ಚುಕ್ಕೆಗಳು, ಬಾಲದ ತುದಿಗೆ ಒಂದು ಬೂದು ಚುಕ್ಕೆ.

"ಬೂದು ಅಂದ್ರೆ ಪೆಟ್ಟಿಗೆ ಮಾತಾಡ್ತಿಲ್ಲ ಅಂತ. ನೀರಿಲ್ಲ ಅಂತ ಅಲ್ಲಮ್ಮ," ಎಂದಿದ್ದ. "ಹೋದ ವರ್ಷ ಮೇಲಿನ ತೂಬಿನೋರು ಸಿಗ್ನಲ್ ಹೋಗದ ಹಾಗೆ ಪೆಟ್ಟಿಗೆ ಮೇಲೆ ತಗಡಿನ ಡಬ್ಬ ಬೋರಲು ಹಾಕಿ, 'ಸಾರ್, ನಮ್ದು ಬೂದು, ನೀರು ಬಿಡಿ' ಅಂದ್ರು. ಬಿಟ್ಟೆ, ಬೈಸ್ಕೊಂಡೆ. ಈಗ ಮೇಲಿಂದ ಆರ್ಡರು: ಸೊನ್ನೆ ಬಂದ್ರೆ ಮಾತ್ರ ಇನ್ನೊಂದು ಕಟ್ಟು. ನಿಮ್ಮ ಪೆಟ್ಟಿಗೆ ಬಾಯಿಬಿಟ್ಟು ಸೊನ್ನೆ ಅನ್ಲಿ, ಆ ಗಳಿಗೇಲೇ ಗೇಟು ಇನ್ನಷ್ಟು ಎತ್ತಿಸ್ತೀನಿ."

"ನಮ್ ಜೊತೇಲಿ ಬಂದು ಒಂದ್ಸಲ ನೋಡ್ಬುಡಿ ಸ್ವಾಮಿ, ನಿಮ್ ಕಣ್ಣಲ್ಲೇ."

"ನಾನು ಕಣ್ಣಲ್ಲಿ ನೋಡಿದ್ದನ್ನ ಇದರೊಳಗೆ ಹಾಕೋಕೆ ಜಾಗ ಇಲ್ಲ."

ಅದಕ್ಕೇ ಈಗ ಈ ಮೂವರೂ ತೂಬಿನ ಮುಂದೆ ಕೂತಿದ್ದದ್ದು. ಸ್ಪಂದನಾಗೆ ದಾರಿಯಲ್ಲಿ ಒಂದು ಉಪಾಯ ಹೊಳೆದಿತ್ತು.

"ನಾವೇ ಸ್ವಲ್ಪ ನೀರು ಹುಯ್ದು ಚಕ್ರ ತಿರುಗಿಸೋಣ ಅಮ್ಮ. ಪೆಟ್ಟಿಗೆಗೆ ಎಚ್ಚರ ಆಗ್ಲಿ. ಆಮೇಲೆ ನಿಲ್ಲಿಸಿಬಿಡೋಣ. ಎಚ್ಚರ ಆದ ಪೆಟ್ಟಿಗೆ ನೋಡುತ್ತೆ, ಕೊಳವೆ ಖಾಲಿ. ಸೊನ್ನೆ ಅಂತ ಕಳಿಸುತ್ತೆ."

"ಕೈಲೇ ತಿರುಗುಸ್ಬುಡವ್ವ ಅತ್ಲಾಗೆ," ಎಂದಳು ಕುಳ್ಳಮ್ಮ.

"ಸೀಲು ಒಡೆದ್ರೆ ಕೇಸು ಅಜ್ಜಿ." ಸ್ಪಂದನಾ ಕೊಳವೆಯ ಒಳಗೋಡೆಯಲ್ಲಿದ್ದ ಕೆಂಪು ಗೆರೆಯ ಮೇಲೆ ಬೆರಳಿಟ್ಟಳು. "ಅಮ್ಮ, ಇದೊಂದು ನೆನಪಿರ್ಲಿ. ಕೊಡದಲ್ಲಿ ಸಣ್ಣಗೆ ಬಿಡಿ, ದಾರದ ಎಳೆ ಥರ. ನೀರು ಈ ಗೆರೆ ಮುಟ್ಟಿತು ಅಂದ್ರೆ 'ನೀರು ತಲುಪಿತು' ಅಂತ ಬರ್ಕೊಂಡುಬಿಡುತ್ತೆ. ಎಷ್ಟು ಹೊತ್ತು ಹರೀತು ಅಂತೆಲ್ಲ ಆಫೀಸು ಕೇಳಲ್ಲ, ಮುಟ್ಟಿತಾ ಇಲ್ವಾ ಅಷ್ಟೇ. ಗೆರೆ ಕೆಳಗೇ ಇರ್ಬೇಕು."

"ಆಯ್ತು ಮಗ. ಎಳೆ ಥರ."

ಮೇಲಿನ ಪೆಟ್ಟಿಗೆ ಇದರ ದನಿಯನ್ನು ಸರಿಯಾಗಿ ಹಿಡಿಯುತ್ತದೋ ಇಲ್ಲವೋ ನೋಡಲು ಸ್ಪಂದನಾ ಸ್ಕೂಟರಿನಲ್ಲಿ ಏರಿಗುಂಟ ಹೋದಳು.

ಸ್ವಲ್ಪ ಹೊತ್ತಿಗೆಲ್ಲ ಕೊಪ್ಪಲಿನ ಹೆಂಗಸರು ಪ್ಲಾಸ್ಟಿಕ್ ಕೊಡ ಹೊತ್ತು ಬಂದರು. ಒಟ್ಟಲಿಗೆಂದು ಇಟ್ಟಿದ್ದ ಅವತ್ತಿನ ಬೋರ್‌ವೆಲ್ ನೀರು ಅದು. ಯಶೋದಮ್ಮ ತೂಬಿನ ಬಾಯಲ್ಲಿ ಕೂತು "ಎಳೆ ಅಂಗೆ, ಎಳೆ ಅಂಗೆ" ಎನ್ನುತ್ತ ಒಬ್ಬೊಬ್ಬರ ಕೈಯನ್ನೂ ಹಿಡಿದು ಬಾಗಿಸಿದಳು. ಬಲೆ ಹರಿಯಿತು. ಚಕ್ರ ಅತ್ತಿತ್ತ ಓಲಾಡಿ, ಮನಸ್ಸು ಮಾಡಿ ತಿರುಗಿತು. ಬಹಳ ಹೊತ್ತಾದ ಮೇಲೆ ಪೆಟ್ಟಿಗೆಯಲ್ಲಿ ಮೆಂತ್ಯದ ಕಾಳಿನಷ್ಟು ಬೆಳಕು ಕಂಡಿತು. ಹೆಂಗಸರೆಲ್ಲ ಓ ಎಂದರು. ಬೆಳಕು ಆರಿಹೋಯಿತು. ಮತ್ತೆ ಕಂಡಿತು, ಮತ್ತೆ ಆರಿತು.

"ಅರೆಒಟ್ಟೆ ಕಣೆ ಅದುಕ್ಕೆ," ಎಂದಳು ಕುಳ್ಳಮ್ಮ, ಪೆಟ್ಟಿಗೆಯ ಬೆನ್ನು ಸವರಿ. "ಬಾಣಂತಿಗೆ ಗಂಜಿ ಕೊಟ್ಟಂಗೆ ಕೊಡ್ತಾವ್ರೆ. ಇಂಗಾದ್ರೆ ಇದು ಎದ್ದು ಆಫೀಸ್ಗಂಟ ಕೂಗದು ಯಾವಾಗ?"

ಅಷ್ಟರಲ್ಲಿ ಟ್ರಾಕ್ಟರಿನ ಸದ್ದು. ಲಿಂಗರಾಜು ಟ್ಯಾಂಕರನ್ನು ಏರಿಯ ಮೇಲೆ ತಂದು ನಿಲ್ಲಿಸಿದ. ಮದುವೆಮನೆ, ಮನೆ ಕಟ್ಟುವ ಕೆಲಸ ಎಂದು ಸುತ್ತಿನ ಊರುಗಳಿಗೆ ನೀರು ಹೊಡೆಯುವುದೇ ಅವನ ಜೀವನ.

"ಏನತ್ಗೆ ಇದು, ಕೊಡದಲ್ಲಿ ಆನೆಗೆ ನೀರು ಕುಡ್ಸಂಗೆ? ಸರೀರಿ, ಪೈಪ್ ಬುಡ್ತೀನಿ."

"ಗೆರೆ ಮುಟ್ಟಕೂಡ್ದಂತೆ ಕಣಪ್ಪ."

"ಮುಟ್ಟುದ್ರೆ ಏನಾದದು?"

"ನೀರು ಬಂತು ಅಂತ ಬರ್ಕತದಂತೆ."

"ಬರ್ಕಳ್ಳಿ ಬುಡಿ. ಆಮೇಲೆ ನಾವು ನಿಲ್ಸುದ್ಮೇಲೆ ಸೊನ್ನೆ ಅಂತಲೂ ಬರ್ಕತದಲ್ಲ? ಬಂತು, ಒಂದ್ ಗಳಿಗೇಲಿ ನಿಂತೋಯ್ತು ಅಂತಾಯ್ತದೆ. ಇನ್ನೂ ವಾಸಿ ಅಲ್ವ? ಒಟ್ಟೆ ತುಂಬ ಕುಡುದ್ರೆ ಎಲ್ಡ್ ದಿನ ಗಟ್ಯಾಗಿ ಕೂಗ್ತದೆ. ಈ ಎಳೆ ನೀರ್ಗೆ ಅದು ಮೇಲಿನ್ ತೂಬ್ಗೂ ಕೇಳ್ಸಕಿಲ್ಲ."

ನಮ್ಮ ಕಡೆ ಬಡಿಸುವುದಕ್ಕೊಂದು ರೀತಿಯಿದೆ. ಎಲೆ ಮುಂದೆ ಕೂತವರು ಸಾಕು ಅಂದರೆ ಅದು ಸಾಕು ಅಂತ ಅಲ್ಲ. ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಬಡಿಸಬೇಕು. ಅಳತೆ ನೋಡಿ ಬಡಿಸಿದ ಮನೆಯ ಹೆಸರು ಸೊಸೆ ಹುಡುಕುವಾಗ ಅಡ್ಡ ಬರುತ್ತದೆ. ಸ್ಪಂದನಾ ಯಶೋದಮ್ಮನ ಮನೆಯಲ್ಲಿ ಅದೆಷ್ಟು ಸಲ "ಒಂದೇ ಮುದ್ದೆ ಸಾಕಮ್ಮ" ಅಂದಿದ್ದಳೋ! ಒಂದೇ ಮುದ್ದೆಗೆ ಎದ್ದದ್ದು ಒಂದು ದಿನವೂ ಇಲ್ಲ.

ಯಶೋದಮ್ಮ ನಾಲೆಯ ಮೇಲಕ್ಕೆ ನೋಡಿದಳು. ದೂರದಲ್ಲಿ ಸ್ಕೂಟರ್ ನಿಂತಿತ್ತು, ಪಕ್ಕದಲ್ಲಿ ಹುಡುಗಿಯ ತಲೆ. ಫೋನು ಮಾಡಿ ಒಂದು ಮಾತು ಕೇಳಿಬಿಡೋಣ ಅನ್ನಿಸಿತು. ಕೇಳಿದರೆ ಅವಳು ಸಾಕು ಅನ್ನುತ್ತಾಳೆ. ಅವಳು ಯಾವಾಗಲೂ ಸಾಕು ಅನ್ನುವವಳೇ.

"ಬುಡಪ್ಪ," ಎಂದಳು.

ಪೈಪಿನ ನೀರು ಕೊಳವೆಗೆ ನುಗ್ಗಿತು. ಚಕ್ರ ಗಿರ್ರೆಂದು ಕಣ್ಣಿಗೆ ಕಾಣದಂತಾಯಿತು. ಕೆಂಪು ಗೆರೆ ಮುಳುಗಿತು. ಪೆಟ್ಟಿಗೆಯ ಬೆಳಕು ಈ ಸಲ ಆರಲಿಲ್ಲ. ಹಸಿರಾಗಿ, ತುಂಬಿಕೊಂಡು, ನೆಟ್ಟಗೆ ಉರಿಯಿತು. ಯಾರೋ ಸೆರಗಿನ ಗಂಟಿನಿಂದ ಕುಂಕುಮ ತೆಗೆದು ಪೆಟ್ಟಿಗೆಯ ಹಣೆಗೆ ಇಟ್ಟರು. ಟ್ಯಾಂಕರ್ ಖಾಲಿಯಾಗುವವರೆಗೂ ಯಾರೂ ಅಲ್ಲಿಂದ ಕದಲಲಿಲ್ಲ. ನೀರು ಕೊಳವೆ ದಾಟಿ, ಒಣಗಿದ ಕಾಲುವೆಯಲ್ಲಿ ಹತ್ತು ಮಾರು ಹೋಗಿ, ಬಿರುಕಿನಲ್ಲಿ ಇಳಿದುಹೋಯಿತು.

ಸ್ಪಂದನಾ ಸ್ಕೂಟರನ್ನು ಎಲ್ಲೋ ಬಿಟ್ಟು ಓಡಿಕೊಂಡೇ ಬಂದಳು. ಏರಿಯ ಮೇಲೆ ನಿಂತು ಟ್ಯಾಂಕರ್ ನೋಡಿದಳು, ಕುಂಕುಮ ನೋಡಿದಳು.

"ಮಾತಾಡ್ತು ಮಗ!" ಎಂದಳು ಯಶೋದಮ್ಮ. "ಎಂಗೆ ಉರೀತದೆ ನೋಡು."

"ಎಷ್ಟು ಹುಯ್ದ್ರಿ?"

"ಒಟ್ಟೆ ತುಂಬ."

ಹುಡುಗಿ ಫೋನನ್ನು ಅವಳ ಮುಖದ ಮುಂದೆ ಹಿಡಿದಳು. ಓದಲು ಬಾರದಿದ್ದರೂ ಬಣ್ಣ ಗೊತ್ತಾಗುತ್ತದಲ್ಲ. ಬಾಲದ ತುದಿಯ ಚುಕ್ಕೆ ಹಸಿರಾಗಿತ್ತು.

"ಕೊನೆ ತೂಬಿಗೆ ನೀರು ತಲುಪಿದೆ, ಕಟ್ಟು ಮುಗಿದಿದೆ ಅಂತ ಹೋಗಿದೆ ಅಮ್ಮ. ಎಲ್ಲ ತೂಬಿಗೂ ತಲುಪಿತು ಅಂತಾದ್ರೆ ನಾಲೆ ಗೇಟು ಇಳಿಸ್ತಾರೆ. ಇಳಿಸ್ತಿದ್ದಾರೆ."

"ಇರು, ಇನ್ನೇನು ಸೊನ್ನೆ ಅಂತದೆ," ಎಂದ ಲಿಂಗರಾಜು.

ಅಂದಿತು. ಕೊಳವೆ ಒಣಗುವ ಹೊತ್ತಿಗೆ ಪೆಟ್ಟಿಗೆ ಸೊನ್ನೆ ಕಳಿಸಿತು. ಹೊಟ್ಟೆ ತುಂಬಿತ್ತಲ್ಲ, ಆ ಸಂಜೆ ಪೂರ್ತಿ ಬಿಡದೆ ಸೊನ್ನೆ, ಸೊನ್ನೆ, ಸೊನ್ನೆ ಎಂದು ಕಳಿಸುತ್ತಲೇ ಇತ್ತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಯಶೋದಮ್ಮ ಆಫೀಸಿಗೆ ಹೋದಳು. ಕುಳ್ಳಮ್ಮ ಬೇಡವೆಂದರೂ ಜೊತೆಗೆ ಹೊರಟು ಬಂದಳು. ಸ್ಪಂದನಾ ಆಗಲೇ ಬಾಗಿಲಲ್ಲಿ ಕಾದಿದ್ದಳು.

"ಸೊನ್ನೆ ಬಂದದಲ್ಲ ಸ್ವಾಮಿ," ಎಂದಳು ಯಶೋದಮ್ಮ, ಕೂರದೆ.

"ಬಂದಿದೆ. ಕಟ್ಟು ಮುಗಿದ ಮೇಲೆ ಸೊನ್ನೆ ಬರದೆ ಇನ್ನೇನು ಬರುತ್ತೆ?" ಗಂಗಾಧರಪ್ಪ ಅವತ್ತು ಸಂತೋಷವಾಗಿದ್ದ. ನಾಲೆಯ ಕೊನೆಯವರೆಗೂ ಹಸಿರಾದದ್ದು ಇದೇ ಮೊದಲಂತೆ. ಮೇಲಧಿಕಾರಿಗಳು ಫೋನು ಮಾಡಿ ಭೇಷ್ ಎಂದಿದ್ದರಂತೆ. "ಕಾಫಿ ಕುಡೀತೀರಾ?"

"ಆ ನೀರು ನಾವ್ ಉಯ್ದುದ್ದು ಸ್ವಾಮಿ. ನಾಲೇದಲ್ಲ."

ಗಂಗಾಧರಪ್ಪನ ಮುಖ ನಿಧಾನವಾಗಿ ಬದಲಾಯಿತು. ಎದ್ದು ಬಾಗಿಲು ಮುಚ್ಚಿ ಬಂದ.

"ಪ್ಲಾನು ನಂದು ಸಾರ್," ಎಂದಳು ಸ್ಪಂದನಾ. "ಅವರಿಗೆ ಹೇಳಿಕೊಟ್ಟಿದ್ದು ನಾನೇ. ತಪ್ಪು ಲೆಕ್ಕ ಹೋಗಿದೆ ಅಂತ ಕಂಪನಿಗೆ ರಾತ್ರಿಯೇ ಬರೆದಿದೀನಿ."

"ಏನಂದ್ರು?"

"ಲೆಕ್ಕ ಅಳಿಸೋಕೆ ಆಗಲ್ಲ ಅಂದ್ರು. ಅಳಿಸಬಾರದು ಅಂತಲೇ ಹಾಗೆ ಮಾಡಿರೋದು."

"ನೋಡಿ." ಅವನು ಮತ್ತೆ ಕೂತ. "ಯಶೋದಮ್ಮನೋರೆ, ಇದನ್ನ ನೀವು ಹೇಳಿಲ್ಲ, ನಾನು ಕೇಳಿಲ್ಲ. ಹೇಳಿದ್ದೇ ಆದ್ರೆ ನಾನು ಬರ್ಕೋಬೇಕು. ಯಂತ್ರಕ್ಕೆ ಮೋಸ ಮಾಡಿದ್ದು ಅಂತ ಆಗುತ್ತೆ. ಯಾರ್ಯಾರು ಹುಯ್ದ್ರು?"

"ನಾನೊಬ್ಳೇ."

"ಗೆರೆ ಮುಳುಗೋಷ್ಟು ನೀರು ಒಬ್ಬರ ಕೊಡದಲ್ಲಿ ಆಗಲ್ಲ. ಟ್ಯಾಂಕರ್ ಯಾರದು?"

ಕುಳ್ಳಮ್ಮ ಯಶೋದಮ್ಮನ ಸೆರಗು ಜಗ್ಗಿದಳು.

"ಕೇಸಾದ್ರೆ ಮೊದಲು ಸೀಜ್ ಆಗೋದು ಟ್ಯಾಂಕರ್. ಆಮೇಲೆ ಈ ಹುಡುಗಿ ಕೆಲಸ. ಅಷ್ಟಾದ ಮೇಲೂ ನೀರು ಬರಲ್ಲ. ಗೇಟು ಇಳಿಸಿ ನೀರು ಆ ಕಡೆ ನಾಲೆಗೆ ತಿರುಗಿಸಾಯ್ತು. ರಾತ್ರಿಯಿಂದ ಅಲ್ಲಿ ಗದ್ದೆ ಕಟ್ಕೊಂಡು ಕೂತಿದಾರೆ. ಈಗ ಹೋಗಿ ಗೇಟು ಮುಟ್ಟಿದ್ರೆ ನನ್ನ ಜೀಪಿಗೆ ಕಲ್ಲು. ಅವರದು ಮುಗಿದು, ಅಣೆಕಟ್ಟೆ ನೀರು ಏರಿ, ನಿಮ್ಮ ಸರದಿ ಬರಬೇಕು."

"ಆ ಒತ್ಗೆ ಪೈರು ಗೆಣ್ಣು ಬುಟ್ಟಿರ್ತದೆ."

"ಗೊತ್ತು," ಎಂದ ಗಂಗಾಧರಪ್ಪ. ಅಷ್ಟು ಹೇಳಿ ಪರದೆಯ ಕಡೆ ನೋಡಿದ. ಅಲ್ಲಿ ಏನೂ ಬದಲಾಗಿರಲಿಲ್ಲ. ಅಷ್ಟೂ ಹಸಿರು.

ಹೊರಗೆ ಬಂದ ಮೇಲೆ ಸ್ಪಂದನಾ ಏನೋ ಹೇಳಲು ಬಾಯಿ ತೆರೆದಳು. ಗೆರೆಯ ವಿಷಯ ನಾನು ಹೇಳಿದ್ದೆನಲ್ಲ ಎಂದು ಅವಳು ಅಂದಿದ್ದರೆ ಯಶೋದಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಅನ್ನಲಿಲ್ಲ. "ಪೆಟ್ಟಿಗೆಗೆ ಸಣ್ಣದೊಂದು ಸೋಲಾರ್ ಸೇರಿಸಿ ಅಂತ ಹೇಳ್ತೀನಿ ಅಮ್ಮ, ಮುಂದಿನ ವರ್ಷಕ್ಕೆ," ಎಂದಳು.

"ಏಳು ಮಗ."

"ಬರ್ತೀನಿ."

"ಉಂಡಿದ್ಯಾ?"

ಹುಡುಗಿ ತಲೆಯಾಡಿಸಿ ಸ್ಕೂಟರ್ ಹತ್ತಿದಳು. ಉಂಡಿದ್ದೇನೆ ಅಂತಲೋ ಇಲ್ಲ ಅಂತಲೋ ತಿಳಿಯಲಿಲ್ಲ.

ಕೊಪ್ಪಲಿನ ತಿರುವಿನಲ್ಲಿ ಬಸ್ಸಿಳಿದು ಇಬ್ಬರೂ ಗದ್ದೆ ಬದುವಿನ ಮೇಲೇ ನಡೆದರು. ಎರಡೂ ಕಡೆ ಒಟ್ಟಲು ಪಾತಿಗಳು, ಪಕ್ಕದಲ್ಲಿ ಬಿರಿದ ಗದ್ದೆಗಳು. ಗಾಳಿಗೆ ಪೈರು ಒಂದೇ ಸಮ ಓಲಾಡುತ್ತಿತ್ತು. ಪಾತಿ ಪಾತಿಯೂ ಯಾರದೆಂದು ಯಶೋದಮ್ಮನಿಗೆ ಗೊತ್ತು. ಯಾವ ಜಗಲಿಯಲ್ಲಿ ಕೂತು ಯಾರನ್ನು ಹೇಗೆ ಒಪ್ಪಿಸಿದ್ದಳೆಂಬುದೂ ಗೊತ್ತು.

"ಬಯ್ಯಕ್ಕಯ್ಯ," ಎಂದಳು. "ಬಸ್ನಲ್ಲೂ ನೀನು ಸುಮ್ಕೆ ಕೂತಿದ್ದೆ. ಬೈದ್ಬುಡು ಒಂದ್ಸಲ."

"ಯಾಕ್ ಬಯ್ಯನೆ? ರಾಗಿ ಎರಚಿದ್ರೆ ಈಗ ಇಷ್ಟುದ್ದ ಬಂದಿರ್ತಿತ್ತು ಅಂತ ಬಯ್ಯನಾ?"

"ಊ."

"ಅರೆಒಟ್ಟೆ ಕಣೆ ಅದುಕ್ಕೆ ಅಂದೋಳು ನಾನು." ಕುಳ್ಳಮ್ಮ ಎಲೆಅಡಿಕೆ ಚೀಲ ಬಿಚ್ಚಿ, ಏನನ್ನೂ ತೆಗೆಯದೆ ಮತ್ತೆ ಕಟ್ಟಿದಳು. "ನಾನೂ ಒಂದ್ ಕೊಡ ಉಯ್ದಿವ್ನಲ್ಲೇ. ಯಾವ್ ಬಾಯಲ್ಲಿ ಬಯ್ಯನೆ?"

ಅವಳು ತನ್ನ ಮನೆಯ ಕಡೆ ತಿರುಗಿದಳು. ಯಶೋದಮ್ಮ ಮನೆಗೆ ಹೋಗಲಿಲ್ಲ. ಹೊಂಗೆ ಮರಕ್ಕೆ ಕಟ್ಟಿದ್ದ ಕಡಸನ್ನು ಬಿಚ್ಚಿ, ಹಗ್ಗ ಹಿಡಿದು ತನ್ನ ಒಟ್ಟಲಿನ ಬದುವಿಗೆ ತಂದಳು. ಹಗ್ಗ ಕೈಬಿಟ್ಟಳು. ಕಡಸು ಅಲ್ಲೇ ನಿಂತಿತು. ಆ ಪಾತಿಯ ಹತ್ತಿರ ಮೂತಿ ಚಾಚಿದಾಗಲೆಲ್ಲ ಇವಳ ಕೈಯಲ್ಲೇ ಏಟು ತಿಂದಿತ್ತು. ಈಗಲೂ ಕಿವಿ ಹಿಂದಕ್ಕೆ ಮಾಡಿ ಇವಳನ್ನೇ ನೋಡಿತು. ಯಶೋದಮ್ಮ ಪಾತಿಗಿಳಿದು ಒಂದು ಹಿಡಿ ಪೈರು ಕಿತ್ತು, ಬೇರಿನ ಮಣ್ಣು ಕಾಲಿಗೆ ಬಡಿದು ಉದುರಿಸಿ, ಅದರ ಬಾಯಿಗೆ ಹಿಡಿದಳು. ಕಡಸು ಮೂಸಿತು, ಒಂದು ಎಳೆ ಎಳೆದುಕೊಂಡಿತು. ಆಮೇಲೆ ಬದು ದಾಟಿ ಒಳಗೆ ಕಾಲಿಟ್ಟಿತು.